ಐದು ಭೇಟಿಗಳ ಕೈಪಿಡಿ: ನಾಲ್ಕನೆಯ ಅಂಶದ ಕೊರತೆ

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಕೈಪಿಡಿಯನ್ನು ಕೆಂಪಾಪುರದ ಮನೆಯಲ್ಲಿ ಕುಳಿತು ಎರಡು ಬಾರಿ ಓದಿದೆ. ಸಂಕಟದಿಂದ ನೊಂದವರಿಗೆ, ವೈದ್ಯರಲ್ಲದ ತರಬೇತಾದ ಸಹಾಯಕರು ಐದು ಭೇಟಿಗಳಲ್ಲಿ ನೆರವಾಗುವ ವಿಧಾನವಿದು. ಮನೋವೈದ್ಯರು ವಿರಳವಾದ ನಾಡುಗಳಿಗೆ ತಕ್ಕ ಉಪಾಯವೇ. ಒತ್ತಡ ನಿವಾರಣೆ, ಸಮಸ್ಯೆ ಬಿಡಿಸುವ ಕ್ರಮ, ಬಿಟ್ಟ ಕೆಲಸಗಳಿಗೆ ಮರಳುವುದು, ಈ ಮೂರರ ವಿವರಣೆ ಸ್ಪಷ್ಟವಾಗಿದೆ. ತಕರಾರು ಇರುವುದು ನಾಲ್ಕನೆಯದಾದ ಸಾಮಾಜಿಕ ಬೆಂಬಲದ ಬಗ್ಗೆ. ಸಹಾಯಕರು ದಾರಿ ತೋರಿಸುತ್ತಾರೆ. ಬೆಂಬಲ ಹುಡುಕಿಕೊಳ್ಳಬೇಕಾದವರು ನೊಂದವರೇ. ನೆರೆಹೊರೆಯೇ ಚದುರಿದ ನಿರಾಶ್ರಿತರು ಎಲ್ಲಿ ಹುಡುಕಬೇಕು?

ನಮ್ಮ ಬೈಲಕುಪ್ಪೆಯನ್ನು ನೋಡಿ. 1960-61ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗಾಗಿ ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಜಮೀನು ಒದಗಿಸಿತು. ಸಾಗುವಳಿ, ಸಹಕಾರ ಸಂಘ, ಶಾಲೆ, ಮಠಗಳ ಸುತ್ತ ನೆರೆಹೊರೆ ಮತ್ತೆ ಕೂಡಿಬಂತು. ಆದರೆ ಅದು ಪ್ರಯೋಗವಲ್ಲ. ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಹಾಗಾಗಿ ಅದನ್ನು ಪುರಾವೆ ಎನ್ನಲಾರೆ.

ಪೆಶಾವರದ ಪರೀಕ್ಷೆಯಲ್ಲಿ ಹೋಲಿಕೆಯ ಗುಂಪಿತ್ತು. 346 ಮಂದಿ ಭಾಗವಹಿಸಿದ್ದರು. ಈ ವಿಧಾನದ ನೆರವು ಪಡೆದವರಲ್ಲಿ ಆತಂಕ, ಖಿನ್ನತೆಗಳು ಹೆಚ್ಚು ಇಳಿದವೆಂದು 2016ರ ವರದಿ ಹೇಳುತ್ತದೆ. ನಾಲ್ಕೂ ಅಂಶಗಳನ್ನು ಒಟ್ಟಿಗೇ ಕೊಟ್ಟದ್ದರಿಂದ ಯಾವುದರ ಪಾಲು ಎಷ್ಟೆಂದು ತಿಳಿಯದು. ಉಷ್ಣತೆ, ಒತ್ತಡ ಎರಡನ್ನೂ ಒಮ್ಮೆಲೇ ಬದಲಿಸಿ ಫಲಿತಾಂಶ ಬರೆಯುವ ವಿದ್ಯಾರ್ಥಿಯನ್ನು ನಾವು ಪ್ರಯೋಗಾಲಯದಲ್ಲಿ ತಡೆಯುತ್ತೇವಲ್ಲವೇ? ಸಲಹೆ ಮಾತ್ರ, ಕೆಲಸ-ವಸತಿಯ ನೆರವು ಮಾತ್ರ, ಎರಡೂ, ಎಂದಿನ ಆರೈಕೆ ಎಂಬ ನಾಲ್ಕು ಗುಂಪುಗಳು ಬೇಕು. ಜೋಡಿಸಿದಾಗ ಫಲ ಬರೀ ಕೂಡುತ್ತದೆಯೋ, ಅದಕ್ಕೂ ಮಿಗಿಲಾಗುತ್ತದೆಯೋ ಎಂಬುದು ಆಗ ಅಳತೆಗೆ ಸಿಗುತ್ತದೆ.