ಕುರಿಗಾಹಿಯ ಬಾಳು: ಕಾವ್ಯದಲ್ಲಿಯೂ ಗದ್ಯದಲ್ಲಿಯೂ

ಕುರಿಗಾಹಿಯನ್ನು ನಾಯಕನನ್ನಾಗಿ ಮಾಡಿಕೊಂಡ ಕವಿತೆ ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಕ್ರಿ. ಪೂ. 3ನೆಯ ಶತಮಾನದ ಗ್ರೀಕ್ ಕವಿ ಥಿಯೋಕ್ರಿಟಸನಿಂದ ಮೊದಲಾಗಿ, ರೋಮಿನ ವರ್ಜಿಲನ ಕೈಯಲ್ಲಿ ಹದಗೊಂಡು, ಅದು ಯೂರೋಪಿನ ರಾಜಸಭೆಗಳವರೆಗೂ ನಡೆದುಬಂದಿತು. ಬರುವ ದಾರಿಯಲ್ಲಿ ಕುರಿಗಾಹಿಯ ಕೈಯ ಕೊಳಲು ಉಳಿಯಿತು. ಕುರಿಗಳು ಮಾತ್ರ ಮೆಲ್ಲಮೆಲ್ಲನೆ ಮರೆಯಾದುವು. ಆ ಕವಿತೆಗಳ ಕುರಿಗೆ ಕಾಲು ಕುಂಟುವುದಿಲ್ಲ, ಹೆರಿಗೆಯಲ್ಲಿ ಮರಿ ಅಡ್ಡವಾಗುವುದಿಲ್ಲ, ಚಳಿಗಾಲದಲ್ಲಿ ಮೇವು ಮುಗಿಯುವುದಿಲ್ಲ. ನಗರದ ಪಂಡಿತನು ತನ್ನ ವಿರಹವನ್ನೋ ವೈರಾಗ್ಯವನ್ನೋ ಹಾಡಿಕೊಳ್ಳುವುದಕ್ಕಾಗಿ ಕುರಿಗಾಹಿಯ ಕಂಬಳಿಯನ್ನು ಎರವಲು ಪಡೆದನೆಂದರೆ ಸಲ್ಲುತ್ತದೆ.

ಈ ಸಂಪ್ರದಾಯವನ್ನು ಮುರಿದೆವೆನ್ನುವ ಕೃತಿಗಳನ್ನು ಪರೀಕ್ಷಿಸಲು ಒಂದು ಒರೆಗಲ್ಲುಂಟು. ಕುರಿ ಸಾಕುವ ಮನೆಯ ಹೊಟ್ಟೆ ಕುರಿಯಿಂದಲೇ ತುಂಬುವುದೆ? ತುಂಬದಿದ್ದರೆ ಆ ಕೊರತೆ ಎಲ್ಲಿಂದ ನೀಗುವುದು? ಇದನ್ನು ಗ್ರಂಥಕರ್ತನು ಕೇಳಿದ್ದಾನೆಯೆ? ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತದಲ್ಲಿ 215 ವರ್ಷಗಳ ಅಂತರದಲ್ಲಿ ಹುಟ್ಟಿದ ಎರಡು ಕೃತಿಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು: ವರ್ಡ್ಸ್‌ವರ್ತ್ ಕವಿಯ ‘ಮೈಕೇಲ್’ (1800), ಜೇಮ್ಸ್ ರೀಬ್ಯಾಂಕ್ಸನ ಗದ್ಯಗ್ರಂಥ ‘ದಿ ಷೆಪರ್ಡ್ಸ್ ಲೈಫ್’ (2015).

‘ಮೈಕೇಲ್’ ಕವಿತೆಯ ಕಥೆ ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಅನೇಕ ವಾಚಕರಿಗೆ ಪರಿಚಿತವಾದುದೇ. ಗ್ರಾಸ್ಮಿಯರ್ ಕಣಿವೆಯ ಮುದುಕ ಕುರಿಗಾಹಿ ಮೈಕೇಲನಿಗೆ ಪಿತ್ರಾರ್ಜಿತ ಭೂಮಿ ಸಾಲದ ಹೊರೆಯೊಡನೆಯೇ ಬಂದಿತ್ತು. ಅವನು ದುಡಿದು ಅದನ್ನು ಬಿಡಿಸಿಕೊಂಡನು. ಮುಪ್ಪಿನಲ್ಲಿ, ಸೋದರನ ಮಗನಿಗೆ ನಿಂತ ಜಾಮೀನು ಮೈಮೇಲೆ ಬಂದಿತು. ನೆಲವನ್ನು ಮಾರಲೊಲ್ಲದೆ, ಹಣ ಸಂಪಾದಿಸಿ ತರಲೆಂದು ಒಬ್ಬನೇ ಮಗ ಲೂಕನನ್ನು ಪಟ್ಟಣದ ಬಂಧುವಿನ ಬಳಿಗೆ ಕಳುಹಿಸುತ್ತಾನೆ. ಹೊರಡುವ ಮುನ್ನ, ಹೊಸದಾಗಿ ಕಟ್ಟಬೇಕೆಂದಿದ್ದ ಕುರಿದೊಡ್ಡಿಯ ಮೊದಲ ಕಲ್ಲನ್ನು ಮಗನ ಕೈಯಿಂದ ಇಡಿಸುತ್ತಾನೆ. ಲೂಕನು ಪಟ್ಟಣದಲ್ಲಿ ಕೆಟ್ಟು, ಕಡಲಾಚೆಗೆ ಓಡಿಹೋಗುತ್ತಾನೆ. ದೊಡ್ಡಿ ಮುಗಿಯದೆಯೇ ಮುದುಕ ತೀರಿಕೊಳ್ಳುತ್ತಾನೆ. ಅವನ ಹೆಂಡತಿ ಇಸಬೆಲ್ ಮೂರು ವರ್ಷ ಚಿಲ್ಲರೆ ಬದುಕಿ ಹೋದ ಬಳಿಕ ನೆಲ ಪರರ ಪಾಲಾಗುತ್ತದೆ.

ಈ ಕವಿತೆಯಲ್ಲಿ ಕರುಣರಸವು ಕಣ್ಣೀರಿನಿಂದ ಹುಟ್ಟಿದುದಲ್ಲ, ಕೆಲಸದಿಂದ ಹುಟ್ಟಿದುದು. ಇಸಬೆಲ್ಲಳಿಗೆ ಎರಡು ರಾಟೆಗಳಿವೆ: ದೊಡ್ಡದು ಉಣ್ಣೆಗೆ, ಚಿಕ್ಕದು ಅಗಸೆನಾರಿಗೆ. ಒಂದು ನಿಂತರೆ ಇನ್ನೊಂದು ತಿರುಗುತ್ತಿರುತ್ತದೆ. ಊಟವಾದ ಮೇಲೂ ತಂದೆಮಕ್ಕಳು ದೀಪದ ಬೆಳಕಿನಲ್ಲಿ ಕೈಗೆಲಸ ಬಿಡುವುದಿಲ್ಲ. ಇಷ್ಟು ದುಡಿದ ಮನೆಯೂ ಒಂದು ಜಾಮೀನಿನ ಹೊಡೆತವನ್ನು ತಾಳಲಾರದಾಯಿತೆಂಬುದರಲ್ಲಿ ಕಥೆಯ ಬಲವಿದೆ. ಕವಿಗೆ ಇದರ ಅರಿವು ಚೆನ್ನಾಗಿಯೇ ಇತ್ತು. 1801ರ ಜನವರಿಯಲ್ಲಿ ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸನಿಗೆ ಗ್ರಂಥವನ್ನು ಕಳುಹಿಸುತ್ತ ಬರೆದ ಪತ್ರದಲ್ಲಿ, ಸಣ್ಣ ಹಿಡುವಳಿದಾರನ ಅಲ್ಪ ಭೂಮಿಯೇ ಅವನ ಕುಟುಂಬ ವಾತ್ಸಲ್ಯಕ್ಕೆ ಆಧಾರವೆಂದೂ, ಅಂತಹ ಜನವರ್ಗ ಬೇಗಬೇಗನೆ ಮರೆಯಾಗುತ್ತಿದೆಯೆಂದೂ ಅವನು ಎಚ್ಚರಿಸಿದ್ದನು.

ರೀಬ್ಯಾಂಕ್ಸನು ಅದೇ ಪ್ರಾಂತದ ಮ್ಯಾಟರ್‌ಡೇಲ್ ಕಣಿವೆಯ ಕುರಿಸಾಕಣೆಯ ಮನೆತನದವನು. ಅಜ್ಜ, ತಂದೆ, ತಾನು—ಈ ಮೂರು ತಲೆಗಳ ಬಾಳನ್ನು ಅವನು ಋತುಗಳ ಕ್ರಮದಲ್ಲಿ ಹೇಳುತ್ತಾನೆ. ಬೇಸಗೆಯಲ್ಲಿ ಬೆಟ್ಟದಿಂದ ಹಿಂಡನ್ನು ಇಳಿಸಿ ಉಣ್ಣೆ ಕತ್ತರಿಸುವುದು, ಹುಲ್ಲು ಕೊಯ್ದು ಒಣಗಿಸುವುದು. ಶರತ್ಕಾಲದಲ್ಲಿ ಸಂತೆ, ಟಗರಿನ ಆಯ್ಕೆ. ಚಳಿಗಾಲದಲ್ಲಿ ಹಿಮದೊಳಗೆ ಮೇವು ಹೊರುವುದು. ವಸಂತದಲ್ಲಿ ಮರಿಗಳ ಹೆರಿಗೆ. ಅಲ್ಲಿಯ ಹರ್ಡ್ವಿಕ್ ತಳಿಯ ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು. ಬೇಲಿಯಿಲ್ಲದ ಸಾರ್ವಜನಿಕ ಬೆಟ್ಟದಲ್ಲಿ ತನ್ನ ಮೇವಿನ ಎಲ್ಲೆ ಯಾವುದೆಂದು ತಾಯಿಕುರಿ ಮರಿಗೆ ಕಲಿಸುತ್ತದೆ. ನೆಲಕ್ಕೆ ಹೀಗೆ ಒಗ್ಗಿಕೊಂಡ ಹಿಂಡಿಗೆ ಅಲ್ಲಿಯವರು ‘ಹೆಫ್ಟ್’ ಎಂಬ ಮಾತನ್ನು ಬಳಸುತ್ತಾರೆ. 2001ರ ಕಾಲುಬಾಯಿ ರೋಗದಲ್ಲಿ ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಮೀರಿ ಪಶುಗಳನ್ನು ಕೊಲ್ಲಬೇಕಾಯಿತು. ಆಗ ಬೆಟ್ಟದವರಿಗೆ ಹಣದ ನಷ್ಟಕ್ಕಿಂತ ದೊಡ್ಡ ಭಯವೊಂದಿತ್ತು. ಕುರಿಯನ್ನು ಮತ್ತೆ ಕೊಳ್ಳಬಹುದು. ಆ ನೆಲದ ಅರಿವನ್ನು ಯಾವ ಸಂತೆಯಲ್ಲಿ ಕೊಳ್ಳುವುದು?

ಗ್ರಂಥದ ಆರಂಭದಲ್ಲಿ ವರ್ಡ್ಸ್‌ವರ್ತನ ಮೇಲೆ ಒಂದು ಮುನಿಸಿದೆ. ಶಾಲೆಯಲ್ಲಿ ಹೇಳಿಕೊಟ್ಟ ಸರೋವರ ಪ್ರಾಂತವು ಕವಿಗಳದು, ಚಾರಣಿಗರದು. ಅದರಲ್ಲಿ ತನ್ನ ಅಜ್ಜ ತಂದೆಯರಿಗೆ ಎಡೆಯೇ ಇರಲಿಲ್ಲವೆಂದು ಗ್ರಂಥಕರ್ತನ ಆಕ್ಷೇಪ. ಪಾಠ ಹೇಳಿದ ಕ್ರಮಕ್ಕೆ ಇದು ಸಲ್ಲುತ್ತದೆ, ಕವಿಗೆ ಸಲ್ಲುವುದಿಲ್ಲ. ಕುರಿಗಾಹಿಗಳ ಸ್ವತಂತ್ರ ಸಮಾಜವನ್ನು ಕವಿ ಗೌರವಿಸಿದನೆಂಬುದನ್ನು ಮುಂದೆ ರೀಬ್ಯಾಂಕ್ಸನೇ ಒಪ್ಪುತ್ತಾನೆ. ಅವನ ಮನಸ್ಸನ್ನು ತೆರೆದ ಕೃತಿಯಾದರೋ ವಿಲ್ಟ್‌ಷೈರಿನ ಕುರಿಗಾಹಿಯನ್ನು ಕುರಿತು ಡಬ್ಲ್ಯು. ಎಚ್. ಹಡ್ಸನ್ 1910ರಲ್ಲಿ ಪ್ರಕಟಿಸಿದ ಗ್ರಂಥ.

ಆದರೆ ‘ಮೈಕೇಲ್’ ಕವಿತೆಯ ಪಕ್ಕದಲ್ಲಿಟ್ಟು ಓದಿದಾಗ ಈ ಹೊಸ ಗ್ರಂಥವು ತಾನು ಹೇಳುವುದಕ್ಕಿಂತ ಹೆಚ್ಚಿನದನ್ನು ತೋರಿಸುತ್ತದೆ. ಒಮ್ಮೆ ಮನೆಗೆಲ್ಲ ಆಧಾರವಾಗಿದ್ದ ಉಣ್ಣೆಗೆ ಈಗ ಬೆಲೆಯೇ ಇಲ್ಲ. ಶಾಲೆಯನ್ನು ಎಳವೆಯಲ್ಲೇ ಬಿಟ್ಟಿದ್ದ ರೀಬ್ಯಾಂಕ್ಸ್ ಮುಂದೆ ಆಕ್ಸ್‌ಫರ್ಡಿನಲ್ಲಿ ಓದಿ ಹಿಂದಿರುಗುತ್ತಾನೆ. ಹಿಂದಿರುಗಿದ ಮೇಲೂ ಹೊರಗಿನ ಉದ್ಯೋಗದ ಸಂಪಾದನೆಯಿಂದ ಹಿಂಡನ್ನು ಪೋಷಿಸುತ್ತಾನೆ. ಮೈಕೇಲನು ಮಗನಿಗೆ ವಹಿಸಿದ ಕೆಲಸ ಇದೇ ಅಲ್ಲವೆ? ನೆಲವನ್ನು ಉಳಿಸಿಕೊಳ್ಳಲು ನೆಲದ ಹೊರಗೆ ದುಡಿಯಬೇಕು. ಲೂಕನು ಹೋದವನು ಬರಲಿಲ್ಲ. ರೀಬ್ಯಾಂಕ್ಸ್ ಹೋಗುತ್ತ ಬರುತ್ತ ಇರುತ್ತಾನೆ. ಕವಿತೆ ದುಃಖಾಂತವಾಗಿ, ಗ್ರಂಥವು ಸಂತೃಪ್ತಿಯಲ್ಲಿ ಮುಗಿದರೂ ಲೆಕ್ಕದ ಪುಸ್ತಕ ಒಂದೇ.

ಗ್ರಂಥದ ಮುಖ್ಯ ನ್ಯೂನತೆ ಇಲ್ಲಿಯೇ ಇದೆ. ಟಗರನ್ನು ಆರಿಸುವ ಜಾಣ್ಮೆಗೆ ದೊರೆತಿರುವ ಪುಟಗಳು ಈ ಲೆಕ್ಕಕ್ಕೆ ದೊರೆತಿಲ್ಲ. ಹೊರಗಿನ ಸಂಪಾದನೆಯ ಮಾತು ಬಂದಾಗ ಲೇಖನಿ ಬೇಗ ಬೇರೆಡೆಗೆ ಸರಿಯುತ್ತದೆ. ಹಾಗೆಯೇ ಮನೆಯ ಹೆಂಗಸರು ಕಾಣಿಸಿಕೊಂಡರೂ ಅಜ್ಜ ತಂದೆಯರಿಗೆ ಸಂದ ವಿಸ್ತಾರ ಅವರಿಗೆ ಸಂದಿಲ್ಲ. ಇಸಬೆಲ್ಲಳ ಎರಡು ರಾಟೆಗಳನ್ನು ಮರೆಯದ ಕವಿಯು ಈ ಒಂದು ವಿಷಯದಲ್ಲಿ ಮನೆತನದವನಿಗಿಂತ ಹೆಚ್ಚು ಕಂಡಿದ್ದಾನೆ. ಇಷ್ಟಾದರೂ, ಕೆಲಸದ ಹೆಸರುಗಳನ್ನು ಅಲಂಕಾರಕ್ಕಾಗಿ ಬಳಸದೆ ಕೆಲಸಕ್ಕಾಗಿಯೇ ಬಳಸುವ ಪ್ರಾಮಾಣಿಕತೆಯಿಂದ ಗ್ರಂಥವು ಆದರಣೀಯವಾಗಿದೆ.

ಕನ್ನಡ ವಾಚಕರಿಗೆ ಇದು ದೂರದ ವಿಷಯವೇನೂ ಅಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಕುರಿಗಳು ಸುಮಾರು 1 ಕೋಟಿ 10 ಲಕ್ಷ. ಬಯಲುಸೀಮೆಯ ದಖ್ಖನಿ ಕುರಿಯ ಉಣ್ಣೆಯೂ ಹರ್ಡ್ವಿಕ್ ಉಣ್ಣೆಯಂತೆ ಒರಟಾದುದೇ. ಅದನ್ನು ಹೆಂಗಸರು ನೂತು, ಹುಣಸೆಬೀಜದ ಸರಿ ಹಚ್ಚಿ, ಗಂಡಸರು ನೇದುದೇ ಕಂಬಳಿ. ಮೇವು ಹುಡುಕಿ ಊರೂರು ಅಲೆಯುವ ಹಿಂಡು, ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ತಂಗುವ ಮಂದೆ, ಅದಕ್ಕೆ ಪ್ರತಿಯಾಗಿ ರೈತನು ಕೊಡುವ ಕಾಳು ಇಲ್ಲವೆ ಹಣ—ಇವೆಲ್ಲ ಕಥೆಗೆ ಒದಗಬಲ್ಲ ಸಾಮಗ್ರಿ. ಆದರೆ ವಿದ್ಯಾವಂತರ ಆಡುಮಾತಿನಲ್ಲಿ ‘ಕುರಿ’ಯೆಂದರೆ ವಿವೇಚನೆಯಿಲ್ಲದೆ ಹಿಂಬಾಲಿಸುವವನೆಂದೇ ಅರ್ಥ. ತಾಯಿಯಿಂದ ಬೆಟ್ಟದ ಎಲ್ಲೆಯನ್ನು ಕಲಿತು ಅದನ್ನೇ ತನ್ನ ಮರಿಗೆ ಕಲಿಸುವ ಪ್ರಾಣಿಗೆ ಈ ಬೈಗುಳ ಒಪ್ಪುವುದಿಲ್ಲ. ಈ ವಸ್ತುವನ್ನು ಕೈಗೆತ್ತಿಕೊಳ್ಳುವ ಕನ್ನಡ ಲೇಖಕರು ವರ್ಡ್ಸ್‌ವರ್ತನಿಂದ ರಾಟೆಯನ್ನೂ ರೀಬ್ಯಾಂಕ್ಸನಿಂದ ಬೆಟ್ಟದ ಅರಿವನ್ನೂ ಕಲಿಯಬಹುದು. ಮನೆಯ ಸಾಲವೆಷ್ಟು, ಪಟ್ಟಣಕ್ಕೆ ಹೋದ ಮಗನು ಕಳುಹಿಸುವುದೆಷ್ಟು ಎಂಬ ಲೆಕ್ಕವನ್ನು ಮಾತ್ರ ಅವರು ಕುರಿಗಾಹಿಯ ಮನೆಯಲ್ಲಿಯೇ ಕೇಳಿ ಬರೆಯಬೇಕು.