‘ಬದುಕು ಬಯಲು’: ಕರುಣವೋ ಶೃಂಗಾರವೋ?

ಎ. ರೇವತಿಯವರು ತಮಿಳಿನಲ್ಲಿ ಬರೆದ ಆತ್ಮಕಥೆಯು ವಿ. ಗೀತಾ ಅವರ ಇಂಗ್ಲಿಷ್ ಅನುವಾದವಾಗಿ ೨೦೧೦ರಲ್ಲಿ ಪ್ರಕಟವಾಯಿತು. ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಿಸಿದ್ದಾರೆ. ಹೆಗ್ಗೋಡಿನ ಜನಮನದಾಟ ತಂಡದವರು ರಂಗಕ್ಕೂ ತಂದಿದ್ದಾರೆ. ಗಂಡೆಂದು ಬೆಳೆಸಲ್ಪಟ್ಟು ಹೆಣ್ಣಾಗಿ ಬಾಳಿದವರೊಬ್ಬರ ಈ ಕಥೆಯನ್ನು ಓದಿದವರು ಸಾಮಾನ್ಯವಾಗಿ ‘ಕರುಣರಸಪೂರ್ಣವಾದ ಗ್ರಂಥ’ವೆಂದು ಹೇಳಿ ಸುಮ್ಮನಾಗುವರು. ಈ ಮಾತು ಅರ್ಧಸತ್ಯವೆಂಬುದೇ ನಮ್ಮ ಅಭಿಪ್ರಾಯ.

ಶೋಕಕ್ಕೆ ಕಾರಣಗಳು ಗ್ರಂಥದಲ್ಲಿ ಹೇರಳವಾಗಿವೆ. ನಾಮಕ್ಕಲ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಮಗು ಹೆಣ್ಣಿನಂತೆ ನಡೆದುದಕ್ಕಾಗಿ ಒಡಹುಟ್ಟಿದವರಿಂದಲೇ ಏಟು ತಿಂದಿತು. ಮನೆಬಿಟ್ಟು ದೆಹಲಿ, ಮುಂಬಯಿಗಳನ್ನು ಸೇರಿದ ಮೇಲೆ ಪೋಲೀಸರ ಕಾಟ, ಪುಂಡರ ಬಲಾತ್ಕಾರ. ಆದರೆ ಇವೆಲ್ಲವೂ ಹೊರಗಿನಿಂದ ಬಂದೊದಗಿದವು. ಕಥೆಯನ್ನು ಒಳಗಿನಿಂದ ನಡೆಸುವುದು ಬೇರೊಂದು ಭಾವ. ಅಂಗಡಿಗಳಲ್ಲಿ ಬೇಡಿ ಬದುಕುತ್ತಿದ್ದ ಗುರುಮನೆಯನ್ನು ಬಿಟ್ಟು, ದೇಹವನ್ನು ಮಾರುವ ಮನೆಗೆ ರೇವತಿಯವರು ಹೋದುದೇಕೆ? ಹಣವೊಂದಕ್ಕಾಗಿ ಅಲ್ಲ, ತನಗೂ ಕಾಮವುಂಟು, ಗಂಡಸೊಬ್ಬನು ತನ್ನನ್ನು ಹೆಣ್ಣೆಂದು ಬಯಸಬೇಕು ಎಂಬ ಆಸೆಯಿಂದ. ಇದನ್ನು ಅವರು ಮರೆಮಾಚದೆ ಹೇಳಿರುವರು. ಗ್ರಂಥದ ಸತ್ತ್ವವಿರುವುದು ಈ ನಿಷ್ಕಪಟತೆಯಲ್ಲಿ.

ಭರತಮುನಿಯು ಕರುಣಕ್ಕೂ ವಿಪ್ರಲಂಭ ಶೃಂಗಾರಕ್ಕೂ ಭೇದವನ್ನು ಹೇಳಿದ್ದಾನೆ. ಕರುಣವು ನಿರಪೇಕ್ಷವಾದುದು, ಅಲ್ಲಿ ಆಸೆ ಸತ್ತಿರುವುದು. ವಿಪ್ರಲಂಭವು ಸಾಪೇಕ್ಷವಾದುದು, ಅಲ್ಲಿ ದುಃಖದ ನಡುವೆಯೂ ಆಸೆ ಉಳಿದಿರುವುದು. ಈ ಗ್ರಂಥದಲ್ಲಿ ಆಸೆ ಕೊನೆಯವರೆಗೂ ಸಾಯುವುದಿಲ್ಲ. ಹೀಗಿರಲು ನಾವು ಇದನ್ನು ಕರುಣವೆಂದೇ ಏಕೆ ಕರೆಯುವೆವು? ಕನಿಕರಪಡುವುದು ಸುಲಭ, ಅವರ ಬಯಕೆಯೂ ನಮ್ಮ ಬಯಕೆಯಂತಹುದೇ ಎಂದು ಒಪ್ಪುವುದು ಕಷ್ಟ.

ವಾತ್ಸ್ಯಾಯನನು ತೃತೀಯಾಪ್ರಕೃತಿಯನ್ನು ಕುರಿತು ಒಂದು ಅಧ್ಯಾಯದಲ್ಲಿ ಸಂಕೋಚವಿಲ್ಲದೆ ಬರೆದನು. ನಮ್ಮ ವ್ಯಾಕರಣವೂ ಒಂದು ಪಾಠವನ್ನು ಹೇಳುವುದು: ‘ದಾರಾಃ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಂ’ ನಪುಂಸಕಲಿಂಗ, ಮೂರರ ಅರ್ಥವೂ ಹೆಂಡತಿಯೇ. ಹೆಸರಿಗೆ ಅಂಟಿದ ಲಿಂಗ ಬೇರೆ, ವ್ಯಕ್ತಿ ಬೇರೆ. ಹಲವು ವರ್ಷಗಳ ಹಿಂದೆ ಇದೇ ಪಾಠವನ್ನು ನಾನು ಹೇಳುತ್ತಿದ್ದಾಗ, ‘ನಪುಂಸಕ’ವೆಂಬ ಶಬ್ದ ಬಂದೊಡನೆ ತರಗತಿಯೆಲ್ಲ ಒಬ್ಬ ಹುಡುಗನ ಕಡೆಗೆ ತಿರುಗಿ ನಕ್ಕಿತು. ನಾನೂ ಮುಗುಳ್ನಕ್ಕೆನು. ಮರುವಾರದಿಂದ ಆ ಮಗು ಶಾಲೆಗೆ ಬರಲಿಲ್ಲ. ಪಾಠ ಹೇಳಿದವನಿಗೇ ಪಾಠ ತಿಳಿದಿರಲಿಲ್ಲ.

ವಾಚಕರು ಇನ್ನೊಂದು ವಿಷಯವನ್ನು ಗಮನಿಸಬೇಕು. ತಾನು ಹೆಣ್ಣೆಂದು ಅರಿಯುವುದು ಬೇರೆ, ಯಾರನ್ನು ಬಯಸುವೆನೆಂಬುದು ಬೇರೆ. ರೇವತಿಯವರ ಮನಸ್ಸು ಪುರುಷನಲ್ಲಿ ನೆಟ್ಟಿತು. ಅವರಂತಹ ಸ್ತ್ರೀಯರಲ್ಲಿ ಹೆಣ್ಣನ್ನೇ ಪ್ರೀತಿಸುವವರೂ, ಇಬ್ಬರನ್ನೂ ಪ್ರೀತಿಸುವವರೂ, ಯಾರನ್ನೂ ಬಯಸದವರೂ ಉಂಟು. ಒಬ್ಬರ ಆತ್ಮಕಥೆಯನ್ನು ಎಲ್ಲರಿಗೂ ಲಕ್ಷಣಗ್ರಂಥವಾಗಿ ಮಾಡತಕ್ಕದ್ದಲ್ಲ.

ದೋಷಗಳಿಲ್ಲವೆಂದಲ್ಲ. ಊರಿಂದೂರಿಗೆ, ಗುರುವಿಂದ ಗುರುವಿಗೆ ಸಾಗುವ ವೃತ್ತಾಂತವು ಕೆಲವೆಡೆ ಪುನರುಕ್ತಿಯಾಗಿ ಬಳಲಿಸುವುದು. ಆದರೆ ಬೆಂಗಳೂರಿನ ಭಾಗದಲ್ಲಿ, ಸಂಗಮವೆಂಬ ಸಂಸ್ಥೆಯನ್ನು ಸೇರಿದ ಬಳಿಕ, ಬರವಣಿಗೆ ಗಟ್ಟಿಯಾಗುವುದು. ಅಲ್ಲಿಯ ಸಹೋದ್ಯೋಗಿಯೊಬ್ಬರನ್ನು ಅವರು ವರಿಸುವರು. ಆ ದಾಂಪತ್ಯ ಬಹುಕಾಲ ನಿಲ್ಲುವುದಿಲ್ಲ. ಪೋಲೀಸರ ಏಟಿಗಿಂತ ಈ ಅಗಲಿಕೆಯೇ ಹೆಚ್ಚು ನೋಯಿಸಿತೆಂದು ಓದುಗನಿಗೆ ತೋರುವುದು. ಇದು ಶೃಂಗಾರದ ನೋವಲ್ಲದೆ ಮತ್ತೇನು?

೨೦೧೪ರಲ್ಲಿ ಸುಪ್ರೀಂ ಕೋರ್ಟು ಇಂತಹವರು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಮಾನ್ಯಮಾಡಿತು. ೨೦೨೩ರಲ್ಲಿ ಸಲಿಂಗವಿವಾಹಕ್ಕೆ ಮನ್ನಣೆ ನೀಡದಿದ್ದರೂ, ಸ್ತ್ರೀಪುರುಷ ಸಂಬಂಧದಲ್ಲಿರುವ ಲಿಂಗಾಂತರಿಗಳು ಈಗಿರುವ ಕಾನೂನಿನಂತೆಯೇ ಮದುವೆಯಾಗಬಹುದೆಂದಿತು. ನ್ಯಾಯಾಲಯವು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆದು ಕುಳ್ಳಿರಿಸಬೇಕಾದವರು ಮನೆಯವರು. ಕಾಮವು ಪುರುಷಾರ್ಥಗಳಲ್ಲೊಂದೆಂದು ಓದಿದವರು ನಾವು. ಅದಕ್ಕೆ ಮನೆಯಲ್ಲಿ ಎಡೆಯಿಲ್ಲದಾಗ ಅದು ಬೀದಿಯನ್ನು ಹುಡುಕುವುದು, ಅಲ್ಲಿ ಕ್ಷೇಮವಿಲ್ಲ. ತಪ್ಪು ಬಯಕೆಯದಲ್ಲ, ಎಡೆ ಕೊಡದವರದು. ಈ ಗ್ರಂಥವನ್ನು ಮನೆಮಂದಿಯೆಲ್ಲ ಓದಲಿ. ಕಣ್ಣೀರು ಸುರಿಸಿ ಮುಚ್ಚಿಡದಿರಲಿ.