ಕಾವ್ಯದಲ್ಲಿ ಊನಾಂಗರೂ ಊರುಗೋಲಾದವರೂ

ರಾಮಾಯಣದ ಕಥೆಯನ್ನು ತರಗತಿಯಲ್ಲಿ ಹೇಳದ ಕನ್ನಡ ಶಿಕ್ಷಕರು ಇರಲಾರರು. ಮಂಥರೆಯ ಪ್ರವೇಶವಾದೊಡನೆ ಆಕೆಯನ್ನು 'ಗೂನುಬೆನ್ನಿನ ದುಷ್ಟೆ' ಎಂದು ಒಂದೇ ಉಸಿರಿನಲ್ಲಿ ವರ್ಣಿಸುವುದು ನಮ್ಮಲ್ಲಿ ವಾಡಿಕೆ. ಗೂನು ಬೆನ್ನಿಗೆ ಸೇರಿದುದು. ದುಷ್ಟತನ ಮನಸ್ಸಿಗೆ ಸೇರಿದುದು. ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸಿದುದು ಯಾವ ನ್ಯಾಯದಿಂದ ಎಂದು ವಿಚಾರಿಸುವವರು ವಿರಳ. ಆದರೆ ಅದೇ ತರಗತಿಯ ಮೂಲೆಯಲ್ಲಿ ಪೋಲಿಯೋದಿಂದಲೋ ಹುಟ್ಟಿನಿಂದಲೋ ಕಾಲು ಸೊಟ್ಟಗಾದ ಮಗುವೊಂದು ಕುಳಿತಿದ್ದರೆ, ಆ ಒಂದು ಮಾತು ಅದರ ಪಾಲಿಗೆ ಕಥೆಯಾಗಿ ಉಳಿಯುವುದಿಲ್ಲ. ಬಿಡುವಿನ ಹೊತ್ತಿನಲ್ಲಿ ಜೊತೆಗಾರರು ಕೂಗುವ ಹೆಸರಾಗಿ ಅದು ಬೆನ್ನಟ್ಟುತ್ತದೆ. ಆದುದರಿಂದ ನಮ್ಮ ಕಾವ್ಯಗಳು ಊನಾಂಗರನ್ನು ಹೇಗೆ ಕಂಡಿವೆ ಎಂಬ ಪ್ರಶ್ನೆ ಕೇವಲ ಪಂಡಿತರಿಗೆ ಬಿಡತಕ್ಕದ್ದಲ್ಲ. ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ನೇರವಾಗಿ ಸಂಬಂಧಪಟ್ಟದ್ದು.

ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಯೊಂದು ಕೃತಿಗೂ ಎರಡೇ ಪ್ರಶ್ನೆಗಳನ್ನು ಹಾಕಬಯಸುತ್ತೇವೆ. ಮೊದಲನೆಯದು, ಅಂಗದಲ್ಲಿ ಊನವುಳ್ಳ ಈ ವ್ಯಕ್ತಿ ತನ್ನವರಿಗೆ ಏನನ್ನು ಕೊಟ್ಟನು? ಎರಡನೆಯದು, ಅವನಿಗೆ ಊರುಗೋಲಾಗಿ ನಿಂತವರು ಯಾರು, ಕವಿಯ ಕಣ್ಣು ಅವರ ಮೇಲೆ ಬಿದ್ದಿತೇ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹೊರಟರೆ, ಪರಿಚಿತವಾದ ಕಥೆಗಳೇ ಬೇರೊಂದು ಬಗೆಯಲ್ಲಿ ತೆರೆದುಕೊಳ್ಳುತ್ತವೆಂದು ನಮ್ಮ ನಂಬಿಕೆ.

ಮೊದಲು ಮಂಥರೆಯನ್ನೇ ತೆಗೆದುಕೊಳ್ಳೋಣ. ವಾಲ್ಮೀಕಿಯಲ್ಲಿ ಆಕೆ ಕೈಕೇಯಿಯ ತವರಿನಿಂದ ಬಂದ ದಾಸಿ. ಆಕೆಯ ಸಲಹೆಗೆ ಮೆಚ್ಚಿದ ಕೈಕೇಯಿ ಆ ಗೂನನ್ನೇ ಹೊಗಳಿ, ಅದಕ್ಕೆ ಚಿನ್ನದ ಮಾಲೆ ತೊಡಿಸುವೆನೆನ್ನುತ್ತಾಳೆ. ಆ ಹೊಗಳಿಕೆಯನ್ನು ಕೇಳಿದಾಗ ನಗಬೇಕೋ ಮರುಗಬೇಕೋ ತಿಳಿಯದು. ಮುಂದೆ ಶತ್ರುಘ್ನನು ಆಕೆಯನ್ನು ನೆಲದ ಮೇಲೆ ಎಳೆದಾಡುತ್ತಾನೆ. ತಮಿಳಿನ ಕಂಬನು ಇನ್ನೊಂದು ಎಳೆಯನ್ನು ಸೇರಿಸಿದನು: ಬಾಲಕ ರಾಮನು ಆ ಗೂನಿಗೆ ಮಣ್ಣಿನ ಗುಂಡು ಹೊಡೆದಿದ್ದನೆಂಬ ನೆನಪು ಆಕೆಯ ಮನಸ್ಸಿನಲ್ಲಿ ಉಳಿದಿತ್ತು. ಈ ಸಣ್ಣ ಎಳೆಯಲ್ಲಿ ದೊಡ್ಡ ಲೋಕಾನುಭವವಿದೆ. ಆಡುವ ಹುಡುಗರಿಗೆ ಅದು ವಿನೋದ. ಪೆಟ್ಟು ತಿಂದವರಿಗೆ ಅದು ಆಯುಷ್ಯದ ಗಾಯ. ದೇಹದ ಊನ ಕೆಡುಕನ್ನು ಹುಟ್ಟಿಸುವುದಿಲ್ಲ, ಸುತ್ತಲಿನವರ ಅಪಹಾಸ್ಯ ಹುಟ್ಟಿಸಬಹುದು ಎಂಬುದನ್ನು ಕಂಬನು ಅರಿತಿದ್ದನೆಂದು ತೋರುತ್ತದೆ.

ಕನ್ನಡದಲ್ಲಿ ಈ ಪಾತ್ರಕ್ಕೆ ಪೂರ್ಣ ನ್ಯಾಯ ದೊರೆತುದು 1949ರಲ್ಲಿ ಪ್ರಕಟವಾದ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ. ಅಲ್ಲಿ ಮಂಥರೆಯ ಕೃತ್ಯಕ್ಕೆ ದ್ವೇಷ ಮೂಲವಲ್ಲ. ತಾನು ಸಾಕಿ ಸಲಹಿದ ಕೈಕೆಯ ಮೇಲಿನ ಮಮತೆಯೇ ಮೂಲ. ಮಮತೆ ಮಿತಿಮೀರಿ ಸುಳಿಯಾದುದರಿಂದ ಅನರ್ಥವಾಯಿತು. ಹಿಂದಿನವರು ಆಕೆಯ ಬೆನ್ನನ್ನು ನೋಡಿದರು. ಕುವೆಂಪು ಅವರು ಮಗುವನ್ನೆತ್ತಿ ಬೆಳೆಸಿದ ಆಕೆಯ ಕೈಗಳನ್ನು ನೋಡಿದರು. ಹಾಗೆ ನೋಡಿದೊಡನೆ ನಮ್ಮ ಎರಡು ಪ್ರಶ್ನೆಗಳೂ ಒಂದೆಡೆ ಕೂಡುತ್ತವೆ. ಮಂಥರೆ ಊನಾಂಗಿಯೂ ಹೌದು, ಇನ್ನೊಬ್ಬರ ಆರೈಕೆಗೆ ಬಾಳನ್ನು ಸವೆಸಿದ ದಾದಿಯೂ ಹೌದು. ಊನಾಂಗರೆಂದರೆ ಯಾವಾಗಲೂ ಆರೈಕೆ ಪಡೆಯುವವರೇ ಎಂಬ ನಮ್ಮ ಭಾವನೆಯನ್ನು ಈ ಪಾತ್ರವೊಂದೇ ಸುಳ್ಳು ಮಾಡಬಲ್ಲದು.

ಇನ್ನು ಜನ್ನನ 'ಯಶೋಧರ ಚರಿತೆ'. ಕ್ರಿ.ಶ. 1209ರ ಈ ಕಾವ್ಯದಲ್ಲಿ ಅಷ್ಟಾವಂಕನೆಂಬ ಮಾವುತನು ಬರುತ್ತಾನೆ. ರಾತ್ರಿಯಲ್ಲಿ ಅವನ ಗಾನ ರಾಣಿ ಅಮೃತಮತಿಯ ಕಿವಿಗೆ ಬೀಳುತ್ತದೆ, ಆಕೆ ಮನಸೋಲುತ್ತಾಳೆ. ಹಾಡಿದವನು ಯಾರೆಂದು ತಿಳಿಯಲು ದೂತಿಯನ್ನು ಕಳುಹಿಸುತ್ತಾಳೆ. ದೂತಿಯು ಕಂಡು ಬಂದು ಹೇಳುವುದು ಅವನ ದೇಹದ ಒಂದೊಂದು ಅವಯವದ ವಿಕಾರವನ್ನು. ಜೈನಕವಿಯಾದ ಜನ್ನನ ಗುರಿ ಬೇರೆ. ಕಾಮದ ವಿವೇಕಹೀನತೆಯನ್ನೂ ಸಂಕಲ್ಪಹಿಂಸೆಯ ಫಲವನ್ನೂ ತೋರಿಸುವುದೇ ಅವನ ಉದ್ದೇಶ. ಆ ಉದ್ದೇಶಕ್ಕೆ ವಿಕಾರದೇಹ ಒಂದು ಸಾಧನವಾಯಿತು. ಆದರೂ ಕವಿಯ ಪ್ರತಿಭೆ ಅವನ ಉದ್ದೇಶವನ್ನು ಮೀರಿ ಒಂದು ಸತ್ಯವನ್ನು ನುಡಿದಿದೆ. ಅರಮನೆಯ ಮಂಚದವರೆಗೆ ತಲುಪುವ ಕಂಠ ಇದ್ದುದು ಗಜಶಾಲೆಯಲ್ಲಿ ಮಲಗುವ ವಕ್ರಾಂಗನಿಗೆ. ಕಿವಿಯೊಂದನ್ನೇ ತೆರೆದು ಕೇಳಿದಾಗ ಅವನು ಗಾಯಕ. ಕಣ್ಣು ತೆರೆದೊಡನೆ ಅವನು ಹೇಸಿಗೆ. ಆ ಕಂಠ ಆ ನಾಡಿನ ಸಂಪತ್ತೆಂದು ಕಾವ್ಯದೊಳಗಿನ ಯಾರಿಗೂ ಹೊಳೆಯಲಿಲ್ಲ. ಅಷ್ಟಾವಂಕನು ಸದ್ಗುಣಿಯೆಂದು ನಾವು ವಾದಿಸುತ್ತಿಲ್ಲ. ತಡವಾಗಿ ಬಂದ ರಾಣಿಯನ್ನು ಹೊಡೆಯುವ ಕ್ರೂರಿ ಅವನು. ಅವನ ಕ್ರೌರ್ಯಕ್ಕೆ ಅವನೇ ಹೊಣೆ, ಅವನ ವಕ್ರವಾದ ಅಂಗಗಳು ಹೊಣೆಯಲ್ಲ ಎಂಬುದಷ್ಟೇ ನಮ್ಮ ಮಾತು. ಪಾಠ ಹೇಳುವಾಗ ಈ ಭೇದವನ್ನು ಬಿಡಿಸಿ ಹೇಳುವುದು ಅವಶ್ಯಕ.

ಎರಡನೆಯ ಪ್ರಶ್ನೆಗೆ ಅತ್ಯುತ್ತಮ ಉತ್ತರ ಮಹಾಭಾರತದಲ್ಲಿದೆ. ಧೃತರಾಷ್ಟ್ರನು ಹುಟ್ಟುಕುರುಡನಾದುದರಿಂದ ಹಿರಿಯನಾಗಿದ್ದೂ ಪಟ್ಟ ಅವನಿಗೆ ಬರದೆ ಪಾಂಡುವಿಗೆ ಹೋಯಿತು. ಮಗನ ತಪ್ಪನ್ನು ಕಾಣದ ಅವನ ಮೋಹವನ್ನು ಕಣ್ಣಿನ ಕುರುಡಿನೊಡನೆ ಬೆಸೆದು ಮಾತನಾಡುವುದು ನಮಗೆಲ್ಲ ರೂಢಿ. ಅವನ ಬದಿಯಲ್ಲಿ ನಿಂತ ಸಂಜಯನನ್ನು ಮಾತ್ರ ನಾವು ಕೇವಲ ವರದಿಗಾರನೆಂದು ಬಗೆದು ಮುಂದೆ ಸಾಗುತ್ತೇವೆ. ಭಗವದ್ಗೀತೆ ಮೊದಲಾಗುವುದು ಕಣ್ಣಿಲ್ಲದ ರಾಜನ ಪ್ರಶ್ನೆಯಿಂದ. ಅದು ನಮ್ಮವರೆಗೆ ಬಂದುದು ಅವನ ಊಳಿಗದ ಸೂತನೊಬ್ಬನ ಉತ್ತರದಿಂದ. ಕೇಳುವವನಿಲ್ಲದೆ ಹೇಳುವವನಿಲ್ಲ. ಸಂಜಯನು ಕಂಡುದನ್ನು ಒಪ್ಪಿಸಿ ಸುಮ್ಮನಾದವನೂ ಅಲ್ಲ. ರಾಜನ ತಪ್ಪನ್ನು ಅವನ ಮುಖದೆದುರಿಗೇ ಆಡಿದವನು. ಆಸರೆಯಾದವನಿಗೆ ಸತ್ಯವನ್ನು ಹೇಳುವ ಹಕ್ಕೂ ಇದೆಯೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಆಶ್ರಮವಾಸಿಕ ಪರ್ವದಲ್ಲಿ ಒಂದು ಚಿತ್ರವಿದೆ. ಹಿರಿಯರು ಹಸ್ತಿನಾವತಿಯನ್ನು ಬಿಟ್ಟು ಕಾಡಿಗೆ ಹೊರಡುತ್ತಾರೆ. ಮುಂದೆ ಕುಂತಿ, ಆಕೆಯ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಕಾಡಿನ ಏರುತಗ್ಗಿನಲ್ಲಿ ರಾಜನನ್ನು ನಡೆಸಿದವನು ಸಂಜಯ. ಮಕ್ಕಳನ್ನು ಕೊಂದವರ ತಾಯಿಯ ಹೆಗಲು, ಮಕ್ಕಳನ್ನು ಕಳೆದುಕೊಂಡವಳ ಕೈಗೆ ಒದಗಿತು. ಯುದ್ಧಪರ್ವಗಳ ಅಬ್ಬರದಲ್ಲಿ ಕಳೆದುಹೋಗುವ ಈ ಚಿತ್ರವನ್ನು ಮಕ್ಕಳ ಕಣ್ಣಮುಂದೆ ನಿಲ್ಲಿಸಿದರೆ ಅವರು ಅದನ್ನು ಮರೆಯಲಾರರು.

ನಮ್ಮ ಗಾದೆಗಳಲ್ಲಿಯೂ ಎರಡೂ ಬಗೆಯ ದೃಷ್ಟಿಗಳುಂಟು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬುದು ವ್ಯರ್ಥತೆಯ ಉಪಮೆ. ಕಿವುಡನಿಗೆ ಬೇರೆ ಯಾವ ದಾರಿಯಿಂದ ಮಾತು ಮುಟ್ಟಬಹುದೆಂದು ಅದು ಯೋಚಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಸಾಂಖ್ಯ ದರ್ಶನದವರು ಹೇಳುವ ಅಂಧ-ಪಂಗು ನ್ಯಾಯವನ್ನು ನೋಡಿರಿ. ಕುರುಡನ ಹೆಗಲ ಮೇಲೆ ಕುಂಟನು ಕುಳಿತನು. ಇವನ ಕಣ್ಣು, ಅವನ ಕಾಲು. ಇಬ್ಬರೂ ಊರು ಮುಟ್ಟಿದರು. ಇಲ್ಲಿ ಉಪಕಾರ ಮಾಡಿದವನು ಯಾರು, ಪಡೆದವನು ಯಾರು ಎಂದು ಬೇರ್ಪಡಿಸಲು ಬಾರದು. ಪ್ರಕೃತಿ-ಪುರುಷರ ತತ್ತ್ವವನ್ನು ತಿಳಿಸಲು ಬಂದ ಈ ದೃಷ್ಟಾಂತ, ಊರ ಬಾಳುವೆಗೂ ಅಷ್ಟೇ ಸಲ್ಲುತ್ತದೆ.

ನಮ್ಮ ಸೀಮೆಯ ಓದುಗರಿಗೆ ಹೆಳವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಮನೆಮನೆಯ ಮುಂದೆ ನಿಂತು ವಂಶಾವಳಿಯನ್ನು ಹೇಳುವ ಜನರು ಇವರು. ಹೆಳವನೆಂದರೆ ಕಾಲಿಲ್ಲದವನು, ಕುಂಟನು. ಇವರ ಮೂಲಪುರುಷನು ಕುಂಟನಾಗಿದ್ದನೆಂದು ಹೇಳಿಕೆಯುಂಟು. ತಾತ ಮುತ್ತಾತಂದಿರ ಹೆಸರು ಮನೆಯವರಿಗೇ ಮರೆತಿರುವಾಗ, ಆ ಮನೆತನ ಎಲ್ಲಿಂದ ಬಂದಿತು, ಯಾರಿಗೆ ಯಾರು ಮಕ್ಕಳು ಎಂಬುದನ್ನು ಕಾಯ್ದುಕೊಟ್ಟವರು ಹೆಳವರು. ನಡೆಯಲಾರದವನೆಂದು ಹೆಸರಾದವನ ಸಂತತಿ ಊರಿನ ನೆನಪನ್ನೇ ಹೊತ್ತು ನಡೆಯಿತು. ಕಾಳು ಕೊಟ್ಟವರು ದಾನ ಮಾಡಿದೆವೆಂದು ತಿಳಿದರೆ ಅದು ಅರ್ಧ ಸತ್ಯ. ಅವರು ಪಡೆದ ವಂಶಾವಳಿಯ ಬೆಲೆ ಆ ಕಾಳಿಗಿಂತ ಕಡಿಮೆಯದಲ್ಲ.

ಕಥೆ ಗಾದೆಗಳಿಂದ ಈಚೆಗೆ ಬಂದು ಜೀವನಚರಿತ್ರೆಗಳನ್ನು ನೋಡಿದರೂ ಇದೇ ಕೊರತೆ ಕಾಣುತ್ತದೆ. ಹೆಲೆನ್ ಕೆಲರ್ ಅವರ ಕಥೆಯನ್ನು ಮಕ್ಕಳಿಗೆ ಹೇಳುವಾಗ, ಕೈಮೇಲೆ ನೀರು ಸುರಿದು ಅಕ್ಷರ ಕಲಿಸಿದ 1887ರ ಘಟನೆಗೇ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಕಲಿತ ಆ ಬಾಲಕಿ ಮುಂದೆ ಸ್ತ್ರೀಯರ ಮತದಾನದ ಹಕ್ಕಿಗಾಗಿ, ಕಾರ್ಮಿಕರಿಗಾಗಿ, ಅಂಧರ ಶಿಕ್ಷಣಕ್ಕಾಗಿ ದುಡಿದುದೂ, 1955ರಲ್ಲಿ ಭಾರತಕ್ಕೆ ಬಂದುದೂ ಹಿಂದೆ ಸರಿಯುತ್ತವೆ. ಕಲಿಸಿದ ಆನ್ ಸಲಿವನ್ ಅವರೂ ಚಿಕ್ಕಂದಿನಲ್ಲಿ ಕಣ್ಣಿನ ಬೇನೆಯಿಂದ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡು ಅಂಧರ ಶಾಲೆಯಲ್ಲಿಯೇ ಓದಿದವರೆಂಬ ಸಂಗತಿಯನ್ನು ಹೇಳುವವರು ಇನ್ನೂ ಕಡಿಮೆ. ಪಡೆದವಳು ಕೊಟ್ಟುದನ್ನು ಬಿಟ್ಟು, ಕೊಟ್ಟವಳು ಪಡೆದುದನ್ನೂ ಬಿಟ್ಟರೆ, ಉಳಿಯುವುದು ಒಂದು ಪವಾಡದ ಕಥೆ ಮಾತ್ರ.

ನಮ್ಮ ನಾಡಿನಲ್ಲಿಯೇ ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯವಿತ್ತು ಸಂಗೀತ ಕಲಿಸಿದರು. ನಮಗೆ ಹತ್ತಿರದ ಮಿರಜಿನ ನೀಲಕಂಠಬುವಾ ಅವರು ಹಿಂದುಸ್ತಾನಿ ಗಾಯನವನ್ನು ಧಾರೆಯೆರೆದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳು. ಅವರು ತಮ್ಮಂತಹ ಅಂಧ ಬಾಲಕರಿಗೂ ಬಡ ಬಾಲಕರಿಗೂ ಅನ್ನ, ವಸತಿ, ವಿದ್ಯೆಗಳನ್ನಿತ್ತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಭಾರವನ್ನು ಹೊತ್ತವರು ಅವರ ಶಿಷ್ಯರೂ ಸ್ವತಃ ಅಂಧರೂ ಆದ ಪುಟ್ಟರಾಜ ಗವಾಯಿಗಳು (1914-2010). ನಾಟಕ ಮಂಡಳಿ ಕಟ್ಟಿ ಆಶ್ರಮದ ಅನ್ನಕ್ಕೆ ದಾರಿ ಮಾಡಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕಣ್ಣುಳ್ಳ ಬಸವರಾಜ ರಾಜಗುರು ಅವರಂತಹ ಗಾಯಕರು ಕಲಿತುದು ಕಣ್ಣಿಲ್ಲದ ಗುರು ಪಂಚಾಕ್ಷರ ಗವಾಯಿಗಳಿಂದ. ಜನ್ನನ ಕಾವ್ಯದಲ್ಲಿ ಗಜಶಾಲೆಯ ಕತ್ತಲಲ್ಲಿ ವ್ಯರ್ಥವಾದ ಕಂಠ, ಇಲ್ಲಿ ನಾಡಿಗೆಲ್ಲ ಸಂಗೀತದ ಗುರುಗಳನ್ನು ಕೊಟ್ಟಿತು. ವ್ಯತ್ಯಾಸ ಕಂಠದಲ್ಲಿಲ್ಲ; ಆಸರೆ ದೊರೆತುದರಲ್ಲಿದೆ, ಕೇಳುವ ಸಮಾಜ ದೊರೆತುದರಲ್ಲಿದೆ.

ಆದರೆ ಈ ಮಹನೀಯರನ್ನು ಕುರಿತ ಬರಹಗಳ ವಿಷಯದಲ್ಲಿಯೂ ವಿಮರ್ಶಕನಿಗೆ ಒಂದು ಮಾತುಂಟು. ಅವು ಭಕ್ತಿಯಿಂದ ತುಂಬಿ ತುಳುಕುತ್ತವೆ. ದೇವರೆಂದು ಕರೆದು ಕೈಮುಗಿಯುತ್ತವೆ. ಕೈಮುಗಿಯುವುದು ತಪ್ಪಲ್ಲ. ಅಷ್ಟರಲ್ಲಿಯೇ ನಿಂತರೆ, ನೂರಾರು ಮಕ್ಕಳಿಗೆ ರೊಟ್ಟಿ ಬಡಿದವರು, ಕೈಹಿಡಿದು ನಡೆಸಿದವರು, ಹೇಳಿದುದನ್ನು ಬರೆದುಕೊಂಡವರು, ಹೊಸದಾಗಿ ಬಂದು ರಾತ್ರಿಯೆಲ್ಲ ಅಳುವ ಮಗುವನ್ನು ಸಂತೈಸಿದವರು ಪುಟಗಳಿಂದ ಮಾಯವಾಗುತ್ತಾರೆ. ದೇವರಿಗೆ ಸಹಾಯಕರು ಬೇಕಾಗುವುದಿಲ್ಲ, ಮನುಷ್ಯರಿಗೆ ಬೇಕು. ಮತ್ತೊಂದು ತೊಂದರೆಯೂ ಇದೆ. ಊನಾಂಗರು ಆದರಕ್ಕೆ ಪಾತ್ರರಾಗಬೇಕಾದರೆ ಮಹಾಪುರುಷರೇ ಆಗಬೇಕೆಂಬ ಷರತ್ತು ಬೆಳೆಯುತ್ತದೆ. ಹಗ್ಗ ಹೊಸೆಯುವ ಅಂಧನೂ, ಹೊಲಿಗೆಯ ಯಂತ್ರದ ಮುಂದೆ ಕುಳಿತ ಕುಂಟ ಹೆಣ್ಣುಮಗಳೂ ಊರಿಗೆ ಸಲ್ಲಿಸುವ ಸೇವೆ ಸಾಮಾನ್ಯವಾದುದೇ ಆದರೂ ಊರು ನಡೆಯುವುದು ಅಂತಹ ಸಾಮಾನ್ಯ ಸೇವೆಗಳಿಂದಲೇ.

ಪದಪ್ರಯೋಗದಲ್ಲಿಯೂ ಎಚ್ಚರ ಬೇಕು. ಈಗ ಬಳಕೆಯಲ್ಲಿರುವ 'ವಿಕಲಚೇತನ' ಎಂಬ ಪದ ಸದುದ್ದೇಶದಿಂದ ಹುಟ್ಟಿದ್ದರೂ, ಅರ್ಥವನ್ನು ಬಿಡಿಸಿ ನೋಡಿದರೆ ಅಂಗದ ಊನವನ್ನು ಚೇತನಕ್ಕೇ ಅಂಟಿಸುತ್ತದೆ. 'ದಿವ್ಯಾಂಗ'ವೆಂಬುದು ಮೇಲಕ್ಕೆತ್ತಲು ಹೋಗಿ ನೆಲದಿಂದ ದೂರ ಒಯ್ಯುತ್ತದೆ. ನಮಗೆ 'ಅಂಗವಿಕಲ' ಎಂಬ ನೇರ ಮಾತು ವಾಸಿಯೆಂದು ತೋರುತ್ತದೆ. ಎಲ್ಲಕ್ಕಿಂತ ವಾಸಿಯಾದುದು ಆ ವ್ಯಕ್ತಿಯ ಹೆಸರು. ಕಾವ್ಯಗಳು ಬೇಗನೆ ಗಮನಿಸದ ಇನ್ನೊಬ್ಬರನ್ನು ಶಾಸನ ಗಮನಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿದುದಲ್ಲದೆ, ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವವರನ್ನೂ, ಮನೆಯವರನ್ನು ಮೊದಲುಗೊಂಡು, ತನ್ನ ವ್ಯಾಖ್ಯೆಯೊಳಗೆ ತಂದಿದೆ.

ಹಳೆಯ ಕಾವ್ಯಗಳನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯೇ ಎಂದು ಸಹೋದ್ಯೋಗಿ ಬಂಧುಗಳು ಕೇಳಬಹುದು. ಕವಿಗಳನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಇಚ್ಛೆಯಲ್ಲ. ಜನ್ನನು ಎಂಟುನೂರು ವರ್ಷಗಳ ಹಿಂದೆ ಬರೆದನು. ನಾವು ಪಾಠ ಹೇಳುವುದು ಇಂದು. ಬರೆದುದಕ್ಕೆ ಕವಿ ಹೊಣೆ. ಓದಿಸುವುದಕ್ಕೆ ನಾವು ಹೊಣೆ. ಮಂಥರೆಯ ಪಾಠ ಬಂದಾಗ ಆಕೆಯ ಬೆನ್ನಿನ ಮಾತು ಆಡುವ ಮೊದಲು, ಕೈಕೇಯಿಯನ್ನು ಎತ್ತಿ ಬೆಳೆಸಿದವರು ಯಾರೆಂದು ಮಕ್ಕಳನ್ನು ಕೇಳಬಹುದು. ಗೀತೆಯ ಮಾತು ಬಂದಾಗ ಅದನ್ನು ಯಾರು ಯಾರಿಗೆ ಹೇಳಿದರೆಂದು ಕೇಳಬಹುದು. ಮುಂದಿನ ಸಲ ಹೆಳವರು ಊರಿಗೆ ಬಂದಾಗ ಮಕ್ಕಳಿಂದ ಒಂದು ಮನೆಯ ವಂಶಾವಳಿಯನ್ನು ಬರೆಯಿಸಿಕೊಳ್ಳಬಹುದು. ಇವಕ್ಕೆ ಹಣ ಬೇಡ, ಅಪ್ಪಣೆ ಬೇಡ. ಒಂದು ಗಂಟೆಯ ಪಾಠ ಸಾಕು. ವಿದ್ಯಾರ್ಥಿಮಿತ್ರರು ಉತ್ತರಗಳನ್ನು ಬರೆದು ತಂದರೆ ಓದಲು ನಾವು ಸಿದ್ಧರಿದ್ದೇವೆ.